ಎಲೆಕ್ಟ್ರಾನಿಕ್ಸ್ ಎಂಟೆಕ್: ಗೇಟ್ ಇಲ್ಲದೆ ಸೀಟಿಲ್ಲವೇ? ಮನೆಯಲ್ಲೇ ಕುಳಿತು ಪದವಿ ಸಿಗುತ್ತದೆಯೇ?

ಬಿಇ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. ‘ಗೇಟ್ ಪಾಸಾಗದಿದ್ದರೆ ಎಂಟೆಕ್ ಮರೆತುಬಿಡಿ’ ಎನ್ನುವುದು ಒಂದು. ‘ಎಂಟೆಕ್ ಸೇರಿದ ಎಲ್ಲರಿಗೂ ಸರ್ಕಾರದಿಂದ ತಿಂಗಳಿಗೆ 12,400 ರೂಪಾಯಿ’ ಎನ್ನುವುದು ಇನ್ನೊಂದು. ‘ಒಂದೇ ವರ್ಷದಲ್ಲಿ, ಮನೆಯಲ್ಲೇ ಕುಳಿತು ಎಂಟೆಕ್, ಇಂದೇ ಕರೆ ಮಾಡಿ’ ಎನ್ನುವುದು ಮೂರನೆಯದು. ಕೊಹಿನೂರ, ಹುಮನಾಬಾದ್ ಕಡೆಯ ಮನೆಗಳಲ್ಲಿ ಮಗನೋ ಮಗಳೋ ಓದಿದ ಮೊದಲ ಎಂಜಿನಿಯರ್ ಆಗಿದ್ದರೆ, ಇದು ನಿಜವೋ ಸುಳ್ಳೋ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಈ ಮೂರನ್ನೂ ಪರಿಶೀಲಿಸಿದ್ದೇವೆ.

ಮೊದಲನೆಯದು ಸುಳ್ಳು. ಕರ್ನಾಟಕದಲ್ಲಿ ಎಂಟೆಕ್ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆದರೆ ಸಾಕು. ಬಿಇಯಲ್ಲಿ ಸಾಮಾನ್ಯವಾಗಿ ಶೇ 50 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ 45. ಗೇಟ್ ಅಂಕ ಇದ್ದವರಿಗೆ ಸೀಟು ಹಂಚಿಕೆಯಲ್ಲಿ ಆದ್ಯತೆ ಇದೆ, ಆದರೆ ಅದು ಇಲ್ಲದವರಿಗೆ ಬಾಗಿಲು ಮುಚ್ಚಿಲ್ಲ.

ಬೀದರ್ ಜಿಲ್ಲೆಯ ಅಭ್ಯರ್ಥಿಗಳಿಗೆ ಇನ್ನೊಂದು ಅನುಕೂಲವಿದೆ. ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ! ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಈ ಭಾಗದವರಿಗೆ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಮೀಸಲಾತಿ ಇದೆ. ಇದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಕೌನ್ಸೆಲಿಂಗ್ ದಿನ ಹತ್ತಿರ ಬಂದ ಮೇಲೆ ಕಚೇರಿಗೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳಿ.

12,400 ರೂಪಾಯಿಯ ಸಂದೇಶ ಅರ್ಧ ಸತ್ಯ. ಅಪಾಯ ಇರುವುದೇ ಆ ಅರ್ಧದಲ್ಲಿ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, ಈ ಮೊತ್ತದ ವಿದ್ಯಾರ್ಥಿವೇತನ ಕೊಡುತ್ತದೆ, ಗರಿಷ್ಠ 24 ತಿಂಗಳು. ಆದರೆ ಅದು ಪ್ರವೇಶದ ಸಮಯದಲ್ಲಿ ಚಾಲ್ತಿಯಲ್ಲಿರುವ ಗೇಟ್ ಅರ್ಹತೆ ಇದ್ದವರಿಗೆ, ಮಾನ್ಯತೆ ಪಡೆದ ಕಾಲೇಜಿನಲ್ಲಿ ಪೂರ್ಣಾವಧಿ ಓದುವವರಿಗೆ ಮಾತ್ರ. ಪಿಜಿಸಿಇಟಿ ಮೂಲಕ ಸೇರಿದ, ಗೇಟ್ ಇಲ್ಲದ ವಿದ್ಯಾರ್ಥಿಗೆ ಇದು ಬರುವುದಿಲ್ಲ. ಲೆಕ್ಕ ಹಾಕಿ ನೋಡಿ: ಎರಡು ವರ್ಷಕ್ಕೆ 2,97,600 ರೂಪಾಯಿ. ಆ ಹಣ ಬಂದೇ ಬರುತ್ತದೆ ಎಂದು ನಂಬಿ ಅಪ್ಪ ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ‘ನಿನಗೆ ಅನ್ವಯಿಸುವುದಿಲ್ಲ’ ಎಂದು ತಿಳಿದರೆ ಆ ಮನೆಯ ಗತಿ ಏನು?

ಹಾಗಾಗಿ ಗೇಟ್ ಕಡ್ಡಾಯವಲ್ಲ, ಆದರೆ ಬರೆದು ನೋಡುವುದು ಲಾಭ ಎನ್ನುವುದು ನಮ್ಮ ಅಭಿಪ್ರಾಯ. ಐಐಎಸ್‌ಸಿ ಮತ್ತು ಏಳು ಐಐಟಿಗಳು ಸೇರಿ ನಡೆಸುವ ಪರೀಕ್ಷೆ ಇದು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಪತ್ರಿಕೆಯಲ್ಲಿ ಗಣಿತ, ನೆಟ್‌ವರ್ಕ್, ಸಿಗ್ನಲ್ಸ್, ಅನಲಾಗ್ ಮತ್ತು ಡಿಜಿಟಲ್ ಸರ್ಕ್ಯೂಟ್, ಕಂಟ್ರೋಲ್, ಕಮ್ಯುನಿಕೇಷನ್, ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಇರುತ್ತವೆ. ಅಂದರೆ ಬಿಇಯಲ್ಲಿ ಓದಿದ್ದೇ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಅಂಕ ಕಳೆಯುತ್ತಾರೆ, ಸಂಖ್ಯೆ ಬರೆಯುವ ಪ್ರಶ್ನೆಗೆ ಕಳೆಯುವುದಿಲ್ಲ. ಬಂದ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಐಐಟಿ ಎಂದರೆ ದೂರದ ಮಾತು ಎಂದುಕೊಳ್ಳಬೇಡಿ. 2008ರಲ್ಲಿ ಶುರುವಾದ ಐಐಟಿ ಹೈದರಾಬಾದ್ ಇರುವುದು ಸಂಗಾರೆಡ್ಡಿ ಬಳಿಯ ಕಂದಿಯಲ್ಲಿ, ಹುಮನಾಬಾದಿನಿಂದ ಹೋಗುವ ಅದೇ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ನಮ್ಮವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಮೂರನೆಯ ಸಂದೇಶವೇ ಎಲ್ಲಕ್ಕಿಂತ ದುಬಾರಿ. ಯುಜಿಸಿಯ 2020ರ ನಿಯಮಗಳ ಪ್ರಕಾರ ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಕಾರಣ ಸರಳ: ಆಸಿಲೋಸ್ಕೋಪ್ ಮುಟ್ಟದೆ, ಲ್ಯಾಬಿನಲ್ಲಿ ಸರ್ಕ್ಯೂಟ್ ಕಟ್ಟಿ ಕೆಡಿಸಿ ಸರಿಪಡಿಸದೆ ಎಲೆಕ್ಟ್ರಾನಿಕ್ಸ್ ಬರುವುದಿಲ್ಲ. ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ಕೊಟ್ಟ ತೀರ್ಪನ್ನು ಇಲ್ಲಿ ನೆನಪಿಸಬೇಕು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಹಂಚಿದ್ದವು. 2001ರಿಂದ 2005ರವರೆಗೆ ಸೇರಿದ್ದವರ ಪದವಿಗಳನ್ನು ಕೋರ್ಟ್ ಅಮಾನತಿನಲ್ಲಿಟ್ಟು, ಮತ್ತೆ ಪರೀಕ್ಷೆ ಬರೆದು ಪಾಸಾಗಬೇಕೆಂದಿತು. ಆಮೇಲೆ ಸೇರಿದವರ ಪದವಿಗಳು ರದ್ದೇ ಆದವು. ಅಷ್ಟರಲ್ಲಿ ಎಷ್ಟೋ ಜನ ಅದೇ ಪದವಿ ತೋರಿಸಿ ಬಡ್ತಿ ಪಡೆದಿದ್ದರು. ಕೆಲಸದಲ್ಲಿರುವವರಿಗಾಗಿ ಕೆಲವು ಐಐಟಿಗಳು ಆನ್‌ಲೈನ್ ಸ್ನಾತಕೋತ್ತರ ಕೋರ್ಸ್ ನಡೆಸುವುದು ನಿಜ. ಆದರೆ ಅವುಗಳ ವಿವರ ಸಂಸ್ಥೆಯದೇ ವೆಬ್‌ಸೈಟ್‌ನಲ್ಲಿರುತ್ತದೆ, ಮೊಬೈಲ್ ನಂಬರ್ ಮಾತ್ರ ಇರುವ ಪೋಸ್ಟರ್‌ನಲ್ಲಲ್ಲ.

‘ಎಂಟೆಕ್ ಮಾಡಿದರೆ ಕೆಲಸ ಗ್ಯಾರಂಟಿ’, ‘ಎಂಟೆಕ್ ವ್ಯರ್ಥ’ ಎಂಬ ಎರಡು ಮಾತುಗಳೂ ಜೊತೆಜೊತೆಗೇ ಓಡಾಡುತ್ತವೆ. ಎರಡೂ ಅತಿರೇಕ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ ಆಗಬೇಕೆಂದರೆ ಎಂಟೆಕ್ ಬೇಕೇ ಬೇಕು, ಜೊತೆಗೆ ಬಿಇ ಅಥವಾ ಎಂಟೆಕ್ ಎರಡರಲ್ಲಿ ಒಂದರಲ್ಲಾದರೂ ಪ್ರಥಮ ದರ್ಜೆ ಇರಬೇಕು. ಚಿಪ್ ವಿನ್ಯಾಸದ ಕಂಪನಿಗೆ ಹೋಗುವುದಾದರೆ ಅವರು ನೋಡುವುದು ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಏನು, ವಿನ್ಯಾಸದ ಸಾಫ್ಟ್‌ವೇರ್ ಮೇಲೆ ಕೈ ಕುಳಿತಿದೆಯೇ ಎನ್ನುವುದನ್ನು. ಆ ಸಾಫ್ಟ್‌ವೇರಿನ ಲೈಸೆನ್ಸ್ ಬಹಳ ದುಬಾರಿ, ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ. ಬೀದರ್, ಕಲಬುರಗಿ, ಬೆಂಗಳೂರು ಎಲ್ಲೇ ಇರಲಿ, ಸೇರುವ ಮುಂಚೆ ಒಮ್ಮೆ ಹೋಗಿ ಲ್ಯಾಬ್ ನೋಡಿ, ಅಲ್ಲಿ ಈಗ ಓದುತ್ತಿರುವ ಹುಡುಗ ಹುಡುಗಿಯರನ್ನು ಮಾತಾಡಿಸಿ. ‘ಪ್ರಾಜೆಕ್ಟ್ ನೀವೇ ಮಾಡ್ತೀರಾ, ದುಡ್ಡು ಕೊಟ್ಟು ತರ್ತೀರಾ’ ಎಂದು ಕೇಳಿದರೆ ನಗುತ್ತಲೇ ನಿಜ ಹೇಳುತ್ತಾರೆ.

ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ತಿಳಿಯಲು ಎಐಸಿಟಿಇ ವೆಬ್‌ಸೈಟ್‌ನಲ್ಲಿ ರಾಜ್ಯ ಮತ್ತು ಕೋರ್ಸ್ ಆಯ್ಕೆ ಮಾಡಿ ನೋಡಬಹುದು. ಕಾಲೇಜಿನ ಹೆಸರಿದ್ದರೆ ಸಾಲದು, ನೀವು ಸೇರುವ ಎಂಟೆಕ್ ವಿಭಾಗದ ಹೆಸರೂ ಆ ವರ್ಷದ ಪಟ್ಟಿಯಲ್ಲಿರಬೇಕು. ಪ್ರವೇಶದ ದಿನ ಅಂಕಪಟ್ಟಿಗಳ ಮೂಲ ಪ್ರತಿ ಕೇಳಿದರೆ ತೋರಿಸಿ, ಪರಿಶೀಲನೆ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ ನಿಯಮವೇ ಇದೆ.