ಕಣ್ಣಿನ ಮೆಲನೋಮಾ: ಬೆಳವಣಿಗೆ, ವಿಕಿರಣ, ಒಂದು ಶತಮಾನದ ವಾದ

ಬೆಂಗಳೂರಿನ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯವನ್ನು ಡಾ. ಕೆ. ಭುಜಂಗ ಶೆಟ್ಟಿ ಆರಂಭಿಸಿದ್ದು 1982ರಲ್ಲಿ. ಆ ಹೊತ್ತಿಗೆ ನೇತ್ರತಜ್ಞರ ಲೋಕದಲ್ಲಿ ಒಂದು ವಾದ ಕಾವೇರಿತ್ತು. ಕಣ್ಣಿನೊಳಗಿನ ವರ್ಣಕೋಶಗಳಲ್ಲಿ ಮೆಲನೋಮಾ ಎಂಬ ಕ್ಯಾನ್ಸರ್ ಹುಟ್ಟಿದರೆ ಕಣ್ಣುಗುಡ್ಡೆಯನ್ನೇ ತೆಗೆಯಬೇಕೆ, ವಿಕಿರಣ ಕೊಟ್ಟು ಉಳಿಸಬಹುದೆ? ತೆಗೆಯುವುದೇ ರೂಢಿಯಾಗಿತ್ತು. 1978ರಲ್ಲಿ ಅಮೆರಿಕದ ಲೊರೆನ್ಜ್ ಜಿಮ್ಮರ್‌ಮನ್ ಮತ್ತು ಸಂಗಡಿಗರು ಆ ಶಸ್ತ್ರಕ್ರಿಯೆಯೇ ಕ್ಯಾನ್ಸರ್ ಕೋಶಗಳನ್ನು ರಕ್ತಕ್ಕೆ ಚದುರಿಸುತ್ತಿರಬಹುದೆಂದು ಶಂಕಿಸಿ, ರೂಢಿಯನ್ನು ಅಲುಗಾಡಿಸಿದ್ದರು.

ವಿಕಿರಣದ ಪ್ರಯತ್ನ ಅದಕ್ಕಿಂತ ಬಹಳ ಹಳೆಯದು. 1930ರ ಸುಮಾರಿಗೇ ಲಂಡನ್ನಿನ ಫಾಸ್ಟರ್ ಮೂರ್ ಗಡ್ಡೆಯೊಳಗೆ ರೇಡಾನ್ ಬೀಜ ಇಟ್ಟಿದ್ದರು. ಬಳಿಕ ಹೈಲಾ ಸ್ಟಾಲರ್ಡ್ ಕೋಬಾಲ್ಟ್-60 ತುಂಬಿದ ಬಿಲ್ಲೆಯನ್ನು ಕಣ್ಣಿನ ಹೊರಗೋಡೆಗೆ ಹೊಲಿದರು. ಕೋಬಾಲ್ಟಿನ ಗಾಮಾ ಕಿರಣ ಗಡ್ಡೆಯನ್ನು ದಾಟಿ ಒಳ್ಳೆಯ ಭಾಗವನ್ನೂ ಸುಡುತ್ತಿತ್ತು. 1964ರಿಂದ ಪೂರ್ವ ಬರ್ಲಿನ್ನಿನ ಪೀಟರ್ ಲೊಮಾಟ್ಶ್ ಬಳಸಿದ ರುಥೇನಿಯಂ-106ರ ಬೀಟಾ ಕಿರಣ 5-6 ಮಿಲಿಮೀಟರಿನೊಳಗೇ ಬಹುಪಾಲು ಸೊರಗುತ್ತದೆ. ತೆಳು ಗಡ್ಡೆಗೆ ಅದು ಹೇಳಿ ಮಾಡಿಸಿದಂತಿತ್ತು. ದಪ್ಪ ಗಡ್ಡೆಗಳಿಗೆ ಅಯೋಡಿನ್-125 ಬಂತು. 1975ರಲ್ಲಿ ಬೋಸ್ಟನ್ನಿನಲ್ಲಿ ಪ್ರೋಟಾನ್ ಕಿರಣವೂ.

ಈ ಗಡ್ಡೆ ವಿಕಿರಣಕ್ಕೆ ಸ್ಪಂದಿಸುವ ಬಗೆಯೇ ವಿಶಿಷ್ಟ. ಕಿರಣ ಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ, ಆದರೆ ಕೋಶ ಕೂಡಲೇ ಸಾಯುವುದಿಲ್ಲ. ವಿಭಜನೆಗೆ ಹೊರಟಾಗ ಸಾಯುತ್ತದೆ. ನಿಧಾನವಾಗಿ ವಿಭಜಿಸುವ ಗಡ್ಡೆ ಕುಗ್ಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಚಿಕಿತ್ಸೆಯ ನಂತರದ ಸ್ಕ್ಯಾನಿನಲ್ಲಿ ಗಡ್ಡೆ ಹಾಗೆಯೇ ಕಂಡರೆ ಮನೆಯವರು ಕಂಗಾಲಾಗುತ್ತಾರೆ, ಆಗಬೇಕಿಲ್ಲ. ಬಹಳ ಬೇಗ ಕರಗುವ ಗಡ್ಡೆಯ ಬಗ್ಗೆಯೇ ವೈದ್ಯರಿಗೆ ಹೆಚ್ಚು ಕಳವಳ. ಅಂಥವುಗಳಲ್ಲಿ ಕೋಶಗಳು ಚುರುಕಾಗಿ ವಿಭಜಿಸುತ್ತಿರುತ್ತವೆ, ಮೂರನೆಯ ವರ್ಣತಂತುವಿನ ಒಂದು ಪ್ರತಿ ಕಳೆದುಹೋಗಿರುವುದೂ ಹೆಚ್ಚು. ಆ ನಷ್ಟಕ್ಕೂ ಸಾವಿಗೂ ಇರುವ ನಂಟನ್ನು ಜರ್ಮನಿಯ ಸಂಶೋಧಕರು 1996ರಲ್ಲಿ ತೋರಿಸಿದರು.

ವಾದಕ್ಕೆ ತೆರೆ ಎಳೆದದ್ದು ಅಮೆರಿಕ ಮತ್ತು ಕೆನಡಾದ ದೊಡ್ಡ ಪ್ರಯೋಗ. ಮಧ್ಯಮ ಗಾತ್ರದ ಗಡ್ಡೆಯಿದ್ದ 1,317 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. 2001ರ ವರದಿಯ ಪ್ರಕಾರ ಐದು ವರ್ಷದೊಳಗೆ ತೀರಿಕೊಂಡವರು ಕಣ್ಣು ತೆಗೆಸಿದವರಲ್ಲಿ ಶೇ. 19, ಅಯೋಡಿನ್ ಬಿಲ್ಲೆ ಹಾಕಿಸಿಕೊಂಡವರಲ್ಲಿ ಶೇ. 18. ಕಣ್ಣು ಕಳೆದುಕೊಂಡವರಿಗೆ ಆಯುಷ್ಯವೇನೂ ಹೆಚ್ಚಲಿಲ್ಲ. ಕಾರಣವನ್ನು ಫಿನ್‌ಲೆಂಡಿನವರ ಲೆಕ್ಕಾಚಾರ ಸೂಚಿಸಿತ್ತು: ಗಡ್ಡೆ ಇಮ್ಮಡಿಯಾಗುವ ವೇಗದಿಂದ ಹಿಂದಕ್ಕೆ ಎಣಿಸಿದರೆ, ಈ ಕ್ಯಾನ್ಸರ್ ಹೆಚ್ಚಾಗಿ ಹರಡುವ ಯಕೃತ್ತಿಗೆ ಹೋದ ಕೋಶಗಳು ಚಿಕಿತ್ಸೆಗೂ ವರ್ಷಗಳ ಮೊದಲೇ ಹೊರಟಿರುತ್ತವೆ.

ಭಾರತೀಯರಲ್ಲಿ ಈ ರೋಗ ಬಿಳಿಯರಿಗಿಂತ ಬಹಳ ವಿರಳ. ಬಂದವರಿಗೆ ಮಾತ್ರ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರ ಈಗ ಪರಮಾಣು ತ್ಯಾಜ್ಯದಿಂದ ರುಥೇನಿಯಂ ಬೇರ್ಪಡಿಸಿ ಇಲ್ಲಿಯೇ ಬಿಲ್ಲೆ ತಯಾರಿಸಿದೆ. ಇದು ದೊಡ್ಡ ಸಾಧನೆಯೆಂದೇ ನನ್ನ ಎಣಿಕೆ. ನಾರಾಯಣ ನೇತ್ರಾಲಯದ ಬೊಮ್ಮಸಂದ್ರ ಶಾಖೆಯ ಗ್ರೋ ಪ್ರಯೋಗಾಲಯದಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾದ ಕೋಶಗಳ ಅಧ್ಯಯನ ನಡೆದಿದೆ. ನಮ್ಮವರ ಮೆಲನೋಮಾಕ್ಕೂ ಅಷ್ಟೇ ಶ್ರದ್ಧೆ ಸಲ್ಲಬೇಕು, ಏಕೆಂದರೆ ಮೇಲಿನ ತಿಳಿವಳಿಕೆಯ ಬಹುಭಾಗ ಬಿಳಿಯರ ಗಡ್ಡೆಗಳಿಂದ ಬಂದದ್ದು.

ಕಣ್ಣಮುಂದೆ ಮಿಂಚು, ನೆರಳು ಅಥವಾ ದೃಷ್ಟಿಯ ಅಂಚು ಮುಚ್ಚಿದಂತೆ ಕಂಡರೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲ ತೋರಿಸಿಕೊಳ್ಳಿ. ಚಿಕಿತ್ಸೆ ಪಡೆದವರು, ಕಣ್ಣು ಚೆನ್ನಾಗಿದೆಯೆಂದು ಯಕೃತ್ತಿನ ತಪಾಸಣೆಯನ್ನು ಬಿಡಬೇಡಿ.