ಬ್ಲ್ಯಾಕ್ ಬೆಲ್ಟ್‌ಗೆ ಬೆಲೆ ಎಷ್ಟು?

ಕರಾಟೆ ತರಗತಿ ಇಲ್ಲದ ಬಡಾವಣೆ ಇಂದು ಹುಡುಕಿದರೂ ಸಿಗುವುದು ಕಷ್ಟ. ಶಾಲೆಯ ಅಂಗಳದಲ್ಲಿ, ಕಲ್ಯಾಣ ಮಂಟಪದ ಮೇಲಂತಸ್ತಿನಲ್ಲಿ, ಉದ್ಯಾನದ ಮೂಲೆಯಲ್ಲಿ ಸಂಜೆಯಾಯಿತೆಂದರೆ ಬಿಳಿ ಉಡುಪಿನ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಸೊಂಟದಲ್ಲಿ ಹಳದಿ, ಹಸಿರು, ನೀಲಿ, ಕಂದು ಬಣ್ಣದ ಬೆಲ್ಟ್‌ಗಳು. ಕೆಲವು ತಿಂಗಳಿಗೊಮ್ಮೆ ಪರೀಕ್ಷೆ, ಪರೀಕ್ಷೆಗೊಂದು ಶುಲ್ಕ, ಶುಲ್ಕಕ್ಕೊಂದು ಬಣ್ಣ. ಕೊನೆಗೊಂದು ದಿನ ಬ್ಲ್ಯಾಕ್ ಬೆಲ್ಟ್. ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರ.

ಇವರಲ್ಲಿ ನಿಷ್ಠೆಯಿಂದ ಕಲಿಸುವ ಗುರುಗಳು ಇದ್ದಾರೆ. ಬೆಲ್ಟ್ ಮಾರುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಇಬ್ಬರ ಉಡುಪೂ ಒಂದೇ, ಕೂಗೂ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಕಟ್ಟಿದ ಶುಲ್ಕ ವ್ಯರ್ಥವಾದರೆ ಅದು ಸಣ್ಣ ನಷ್ಟ. ‘ನನಗೆ ಹೋರಾಡಲು ಬರುತ್ತದೆ’ ಎಂಬ ಸುಳ್ಳು ಧೈರ್ಯ ಹೊತ್ತ ಹುಡುಗಿಯೊಬ್ಬಳು ಓಡಿ ಪಾರಾಗಬೇಕಾದ ಜಾಗದಲ್ಲಿ ನಿಂತುಬಿಟ್ಟರೆ ಆಗುವುದು ದೊಡ್ಡ ನಷ್ಟ. ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಬೆಲ್ಟ್‌ನ ಚರಿತ್ರೆಯಲ್ಲೇ ಇದೆ.

ಸುರುಳಿಗೊಂದು ಕಾಣಿಕೆ

ವಿದ್ಯೆಗೆ ದರ್ಜೆ ಕಟ್ಟಿ ಹಣ ಪಡೆಯುವ ಪದ್ಧತಿ ಇಂದಿನದಲ್ಲ. ಬೆಲ್ಟ್ ಹುಟ್ಟುವುದಕ್ಕೆ ಬಹಳ ಮೊದಲೇ ಜಪಾನಿನ ಕತ್ತಿವರಸೆಯ ಪಂಥಗಳು ಶಿಷ್ಯರಿಗೆ ಕಾಗದದ ಸುರುಳಿಗಳ ರೂಪದಲ್ಲಿ ಪರವಾನಗಿ ಕೊಡುತ್ತಿದ್ದವು. ಒಂದೊಂದು ಹಂತ ಏರಿದಾಗಲೂ ಶಿಷ್ಯ ಗುರುವಿಗೆ ಕಾಣಿಕೆ ಒಪ್ಪಿಸಬೇಕಿತ್ತು. ದೇಶದಲ್ಲಿ ಯುದ್ಧವಿಲ್ಲದೆ ಶಾಂತಿ ನೆಲೆಸಿದ ಎಡೋ ಕಾಲದಲ್ಲಿ ಕತ್ತಿಯ ನಿಜವಾದ ಪರೀಕ್ಷೆಗೆ ಅವಕಾಶ ಕಡಿಮೆಯಾಯಿತು. ಸುರುಳಿಗಳಿಗೆ ಮಾತ್ರ ಬೆಲೆ ಉಳಿಯಿತು.

ಇದನ್ನು ಬದಲಿಸಹೊರಟವರಲ್ಲಿ ಹತ್ತೊಂಬತ್ತನೇ ಶತಮಾನದ ಚಿಬಾ ಷೂಸಾಕು ಪ್ರಮುಖ. ಈತ ಕಲಿತ ‘ಇತ್ತೋ-ರ್ಯು’ ಪಂಥದಲ್ಲಿ ಎಂಟು ಹಂತಗಳಿದ್ದವು. ಎಂಟು ಹಂತವೆಂದರೆ ಎಂಟು ಬಾರಿ ಕಾಣಿಕೆ. ಚಿಬಾ ತಾನು ಕಟ್ಟಿದ ಹೊಸ ಪಂಥದಲ್ಲಿ ಅದನ್ನು ಮೂರಕ್ಕೆ ಇಳಿಸಿದ. ಬಿದಿರಿನ ಕತ್ತಿ ಹಿಡಿದು, ರಕ್ಷಾಕವಚ ತೊಟ್ಟು, ನಿಜವಾಗಿ ಹೊಡೆದಾಡಿ ಕಲಿಯುವ ಕ್ರಮಕ್ಕೆ ಒತ್ತು ಕೊಟ್ಟ. ಎಡೋ ನಗರದ, ಅಂದರೆ ಇಂದಿನ ಟೋಕಿಯೋದ, ಆತನ ‘ಗೆಂಬುಕಾನ್’ ಶಾಲೆ ಆ ಕಾಲದ ಮೂರು ಹೆಸರಾಂತ ಕತ್ತಿವರಸೆ ಶಾಲೆಗಳಲ್ಲಿ ಒಂದಾಯಿತು. ಹಂತ ಕಡಿಮೆ ಮಾಡಿದ, ಪೆಟ್ಟು ಹೆಚ್ಚು ಮಾಡಿದ. ಶಿಷ್ಯರು ಹುಡುಕಿಕೊಂಡು ಬಂದರು.

ಕಾನೊ ಕಟ್ಟಿದ ಮೆಟ್ಟಿಲು

ಇಂದಿನ ಬ್ಲ್ಯಾಕ್ ಬೆಲ್ಟ್‌ನ ಮೂಲಪುರುಷ ಜಿಗೊರೊ ಕಾನೊ. ಟೋಕಿಯೋದ ಈ ಯುವ ಅಧ್ಯಾಪಕ 1882ರಲ್ಲಿ ಏಷೋಜಿ ಎಂಬ ಬೌದ್ಧ ದೇವಾಲಯದ ಕೋಣೆಯೊಂದರಲ್ಲಿ, ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ ‘ಕೊಡೋಕಾನ್’ ಶಾಲೆಯನ್ನು ಆರಂಭಿಸಿದ. ಹಳೆಯ ಜುಜುತ್ಸು ಪಟ್ಟುಗಳಿಂದ ಆತ ರೂಪಿಸಿದ ವಿದ್ಯೆಯೇ ಜೂಡೋ.

‘ಗೋ’ ಎಂಬ ಮಣೆಯಾಟದಲ್ಲಿ ಆಟಗಾರರಿಗೆ ‘ದಾನ್’ ಎಂಬ ದರ್ಜೆಗಳಿದ್ದವು. ಕಾನೊ ಅದನ್ನೇ ತಂದು 1883ರಲ್ಲಿ ತನ್ನ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ಟ. ದಾನ್ ಪಡೆದವರು ಕಪ್ಪು ಪಟ್ಟಿ ಕಟ್ಟುವ ರೂಢಿ ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಈ ಮೊದಲ ದರ್ಜೆಗೆ ಜಪಾನಿಯರು ಹೇಳುವ ‘ಷೋದಾನ್’ ಎಂಬ ಪದಕ್ಕೆ ಆರಂಭದ ಮೆಟ್ಟಿಲು ಎಂದು ಅರ್ಥ. ನಾವು ಶಿಖರ ಎಂದುಕೊಂಡದ್ದು ಅವರ ಲೆಕ್ಕದಲ್ಲಿ ಹೊಸ್ತಿಲು!

ಆ ಹೊಸ್ತಿಲು ದಾಟುವುದೂ ಸುಲಭವಿರಲಿಲ್ಲ. ಕೊಡೋಕಾನ್‌ನಲ್ಲಿ ಪಟ್ಟುಗಳನ್ನು ಒಪ್ಪಿಸಿದರೆ ಸಾಲದು. ಎದುರಾಳಿ ಪೂರ್ಣ ಬಲದಿಂದ ವಿರೋಧಿಸುತ್ತಿರುವಾಗಲೇ ಅವನನ್ನು ಎಸೆಯಬೇಕು. ‘ರಾಂದೋರಿ’ ಎಂಬ ಈ ಮುಕ್ತ ಅಭ್ಯಾಸವೇ ಶಾಲೆಯ ಜೀವಾಳ. 1884ರಿಂದ ಅಲ್ಲಿ ಕೆಂಪು-ಬಿಳಿ ತಂಡಗಳ ಪಂದ್ಯಾವಳಿ ಶುರುವಾಯಿತು. ಎಲ್ಲರೆದುರು ಸಾಲು ಸಾಲಾಗಿ ಎದುರಾಳಿಗಳನ್ನು ಕೆಡವಿದವನಿಗೆ ಸ್ಥಳದಲ್ಲೇ ಬಡ್ತಿ ಸಿಗುವುದೂ ಇತ್ತು. ಅತ್ಯುನ್ನತವಾದ ಹತ್ತನೇ ದಾನ್ ಅನ್ನು ಕೊಡೋಕಾನ್ 1882ರಿಂದ 2006ರವರೆಗಿನ ಅವಧಿಯಲ್ಲಿ ಕೊಟ್ಟದ್ದು 15 ಮಂದಿಗೆ ಮಾತ್ರ. ತಮ್ಮ ಹೆಸರಿನ ಮುಂದೆ ತಾವೇ ‘ಹತ್ತನೇ ದಾನ್’ ಎಂದು ಬರೆದುಕೊಳ್ಳುವವರನ್ನು ಕಂಡಾಗ ಈ ಸಂಖ್ಯೆ ನೆನಪಿರಲಿ.

ಬಣ್ಣಗಳು ಬಂದವು

ಒಕಿನಾವಾ ದ್ವೀಪದ ಕರಾಟೆಗೆ ಮೊದಲು ಬೆಲ್ಟೂ ಇರಲಿಲ್ಲ, ದರ್ಜೆಯೂ ಇರಲಿಲ್ಲ. ಗುರುವಿನ ಅಂಗಳದಲ್ಲಿ ನಾಲ್ಕಾರು ಶಿಷ್ಯರು ವರ್ಷಗಟ್ಟಲೆ ಕಲಿಯುತ್ತಿದ್ದರು. ಅಲ್ಲಿನ ಶಾಲಾ ಶಿಕ್ಷಕ ಗಿಚಿನ್ ಫುನಾಕೋಷಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ಪ್ರದರ್ಶಿಸಿದ. ಕಾನೊನ ಪದ್ಧತಿಯನ್ನು ಅನುಸರಿಸಿ 1924ರಲ್ಲಿ ಕೆಲವು ಶಿಷ್ಯರಿಗೆ ಮೊದಲ ದಾನ್ ಕೊಟ್ಟ. ಅಂದರೆ ಕರಾಟೆಯ ಬ್ಲ್ಯಾಕ್ ಬೆಲ್ಟ್‌ಗೆ ವಯಸ್ಸು ಸುಮಾರು ನೂರು ವರ್ಷ ಅಷ್ಟೇ.

ಹಳದಿ, ಹಸಿರು, ನೀಲಿಗಳ ಸಾಲು ಬೆಳೆದದ್ದು ಜಪಾನಿನಲ್ಲಿ ಅಲ್ಲ, ಯುರೋಪಿನಲ್ಲಿ. ಪ್ಯಾರಿಸ್ಸಿನಲ್ಲಿ ಜೂಡೋ ಕಲಿಸುತ್ತಿದ್ದ ಮಿಕಿನೊಸುಕೆ ಕವಾಯಿಷಿ 1930ರ ದಶಕದಲ್ಲಿ ಬಣ್ಣದ ಬೆಲ್ಟ್‌ಗಳನ್ನು ಜನಪ್ರಿಯಗೊಳಿಸಿದ. ದೂರದ ಕಪ್ಪು ಪಟ್ಟಿಗಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲವಲ್ಲ! ನಡುನಡುವೆ ಒಂದೊಂದು ಬಣ್ಣವಿದ್ದರೆ ಕಲಿಯುವವರಿಗೆ ಹುರುಪು. ಉದ್ದೇಶ ಒಳ್ಳೆಯದೇ. ಆದರೆ ವ್ಯಾಪಾರಿಯ ಕಣ್ಣಿಗೆ ಬಿದ್ದದ್ದು ಬೇರೆ. ಬಣ್ಣ ಹೆಚ್ಚಿದಷ್ಟೂ ಪರೀಕ್ಷೆ ಹೆಚ್ಚು, ಪರೀಕ್ಷೆ ಹೆಚ್ಚಿದಷ್ಟೂ ಆದಾಯ ಹೆಚ್ಚು. ಚಿಬಾ ಮೂರಕ್ಕೆ ಇಳಿಸಿದ್ದ ಹಂತಗಳು ಮತ್ತೆ ಏರತೊಡಗಿದವು.

ಸಿನಿಮಾ ತಂದ ಸುಗ್ಗಿ

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ, ಅಲ್ಲಿನ ಸಮರಕಲೆಗಳ ಕೇಂದ್ರ ಸಂಸ್ಥೆಯಾಗಿದ್ದ ‘ಬುತೊಕುಕಾಯ್’ 1946ರಲ್ಲಿ ವಿಸರ್ಜನೆಗೊಂಡಿತು. ಯಾರಿಗೆ ದರ್ಜೆ ಕೊಡುವ ಅಧಿಕಾರವಿದೆ ಎಂದು ಹೇಳುವ ಹಿರಿಯರೇ ಇಲ್ಲವಾದರು. ಪ್ರತಿ ಬಣವೂ ತನ್ನದೇ ದಾನ್ ಕೊಡತೊಡಗಿತು. ಜಪಾನ್ ಮತ್ತು ಒಕಿನಾವಾದಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರಲ್ಲಿ ಹಲವರು ಒಂದೆರಡು ವರ್ಷ ಕಲಿತು ಊರಿಗೆ ಮರಳಿ ಶಾಲೆ ತೆರೆದರು. ಮೆಟ್ಟಿಲು ಹತ್ತಲು ಆರಂಭಿಸಿದವರೇ ಗುರುಗಳಾದರು.

1973ರಲ್ಲಿ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಬಂದಾಗ ಆತ ಬದುಕಿರಲಿಲ್ಲ. ಆದರೆ ಆ ಚಿತ್ರ ಜಗತ್ತಿನ ಯುವಕರಿಗೆಲ್ಲ ಕುಂಗ್‌ಫೂ ಹುಚ್ಚು ಹಿಡಿಸಿತು. ಬೇಡಿಕೆ ಬೆಳೆದಷ್ಟು ಬೇಗ ಗುರುಗಳು ಬೆಳೆಯುವುದು ಸಾಧ್ಯವೇ? ಸಾಧ್ಯವಿಲ್ಲದ್ದನ್ನು ಜಾಹೀರಾತು ಸಾಧಿಸಿತು. ಷಿಕಾಗೋದ ಜಾನ್ ಕೀಹನ್ ಎಂಬಾತ ‘ಕೌಂಟ್ ಡಾಂಟೆ’ ಎಂಬ ಬಿರುದು ತಾನೇ ಧರಿಸಿ, ತಾನೇ ಜಗತ್ತಿನ ಅತ್ಯಂತ ಅಪಾಯಕಾರಿ ಮನುಷ್ಯ ಎಂದು ಸಾರಿ, ಮಕ್ಕಳ ಕಾಮಿಕ್ಸ್ ಪುಸ್ತಕಗಳಲ್ಲಿ ಜಾಹೀರಾತು ಕೊಟ್ಟು ‘ಮಾರಕ ರಹಸ್ಯ’ಗಳನ್ನು ಅಂಚೆಯಲ್ಲಿ ಮಾರಿದ. ಆತನ ಕಥೆ ಬರೀ ತಮಾಷೆಯಲ್ಲ. 1970ರಲ್ಲಿ ಆತ ಗೆಳೆಯರೊಡನೆ ಎದುರಾಳಿ ಶಾಲೆಯೊಂದಕ್ಕೆ ನುಗ್ಗಿದಾಗ ನಡೆದ ಮಾರಾಮಾರಿಯಲ್ಲಿ ಆತನ ಗೆಳೆಯನೊಬ್ಬ ಕೊಲೆಯಾದ. ಬಿರುದುಗಳು ಅವನನ್ನು ಉಳಿಸಲಿಲ್ಲ.

ಮುಂದೆ ಅಮೆರಿಕದಲ್ಲಿ ಸಮರಕಲೆ ಪೂರಾ ಉದ್ಯಮವಾಯಿತು. ವರ್ಷಗಟ್ಟಲೆ ಒಪ್ಪಂದ, ಮುಂಗಡ ಹಣ, ಇಂತಿಷ್ಟು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ. ಅಲ್ಲಿನ ಜನ ಇದಕ್ಕೊಂದು ಅಡ್ಡಹೆಸರು ಇಟ್ಟರು: ‘ಮ್ಯಾಕ್‌ಡೋಜೊ’. ಜಪಾನಿ ಭಾಷೆಯಲ್ಲಿ ಡೋಜೊ ಎಂದರೆ ಅಭ್ಯಾಸದ ಶಾಲೆ. ಅದಕ್ಕೆ ಊರೂರಿನಲ್ಲೂ ಒಂದೇ ರುಚಿಯ ದಿಢೀರ್ ತಿಂಡಿ ಮಾರುವ ಪ್ರಸಿದ್ಧ ಅಂಗಡಿಯ ಬಾಲ ಅಂಟಿಸಿದ ವ್ಯಂಗ್ಯ ಇದು.

ಪರೀಕ್ಷೆಯ ಕಟ್ಟೆ

ಹೇಳಿಕೊಂಡದ್ದನ್ನು ತೋರಿಸಬೇಕಾದ ದಿನ ಬಂದೇ ಬರುತ್ತದೆ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ಕಲೆಗಳ ಪಟುಗಳನ್ನು ಒಂದೇ ಕಣಕ್ಕಿಳಿಸಿದ ಪಂದ್ಯಾವಳಿ ನಡೆಯಿತು. ಗೆದ್ದವನು ಬ್ರೆಜಿಲಿನ ತೆಳ್ಳನೆಯ ಯುವಕ ರಾಯ್ಸ್ ಗ್ರೇಸಿ. ಅವನ ಮನೆತನದ ವಿದ್ಯೆಯ ಮೂಲ ಕಾನೊನ ಕೊಡೋಕಾನ್‌ನಲ್ಲಿ ಪಳಗಿ ಬ್ರೆಜಿಲ್ ಸೇರಿದ ಮಿತ್ಸುಯೊ ಮಾಯೆದಾ. ವಿರೋಧಿಸುವ ಎದುರಾಳಿಯೊಡನೆ ನಿತ್ಯ ಸೆಣಸುವ ಪದ್ಧತಿ ಎರಡು ಸಾಗರ ದಾಟಿದರೂ ಕೆಟ್ಟಿರಲಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಜಪಾನಿನಲ್ಲೇ ಇದೆ. ರ್ಯುಕೆನ್ ಯಾನಾಗಿ ಎಂಬ ವೃದ್ಧ ಗುರು ಮುಟ್ಟದೆಯೇ ಶಿಷ್ಯರನ್ನು ಗುಂಪುಗುಂಪಾಗಿ ಉರುಳಿಸುತ್ತಿದ್ದ. 2006ರಲ್ಲಿ ಹೊರಗಿನ ಪಟುವೊಬ್ಬನೊಡನೆ ಕಣಕ್ಕಿಳಿದಾಗ ಕೈಬೀಸಿದ್ದು ಫಲಿಸಲಿಲ್ಲ. ಗುರು ಪೆಟ್ಟು ತಿಂದು ಕುಸಿದ. 2017ರಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ತಾಯಿ-ಚಿ ಗುರುವೊಬ್ಬ ಷು ಷಿಯಾವೊಡಾಂಗ್ ಎಂಬ ಪಟುವಿನೆದುರು ಅರ್ಧ ನಿಮಿಷವೂ ನಿಲ್ಲಲಿಲ್ಲ. ಇಂಥ ಗುರುಗಳು ಬೇಕೆಂದೇ ವಂಚಿಸುತ್ತಾರೆ ಎನ್ನಲಾಗದು. ವರ್ಷಗಟ್ಟಲೆ ಶಿಷ್ಯರು ಭಕ್ತಿಯಿಂದ ಬೀಳುತ್ತಿದ್ದರೆ, ಬೀಳಿಸಿದ್ದು ತಾನೇ ಎಂದು ಗುರುವೂ ನಂಬಿಬಿಡಬಹುದು.

ನಮ್ಮ ಗರಡಿಯ ಪಾಠ

ಈ ಮಾತು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಉಸ್ತಾದರು ಪೈಲ್ವಾನರಿಗೆ ಬಣ್ಣದ ಪಟ್ಟಿ ಕಟ್ಟಲಿಲ್ಲ, ಸರ್ಟಿಫಿಕೇಟ್ ಬರೆದುಕೊಡಲಿಲ್ಲ. ಮಟ್ಟಿಗೆ ಇಳಿದವನ ಬೆನ್ನಿಗೆ ಮಣ್ಣು ಹತ್ತಿತೇ ಇಲ್ಲವೇ ಎಂಬುದೇ ಪ್ರಮಾಣ. ‘ದಸರಾ ಕೇಸರಿ’, ‘ದಸರಾ ಕಂಠೀರವ’ ಬಿರುದುಗಳು ಸಿಗುವುದು ಸಾವಿರಾರು ಕಣ್ಣುಗಳೆದುರು ಗೆದ್ದವರಿಗೆ. ಅಲ್ಲಿ ತೀರ್ಪು ಕೊಡುವುದು ಪೈಲ್ವಾನನ ಸ್ವಂತ ಗರಡಿಯಲ್ಲ ಎಂಬುದು ಮುಖ್ಯ. ಕಲಿಸುವವನೇ ಪರೀಕ್ಷಕ, ಪರೀಕ್ಷಕನೇ ಶುಲ್ಕ ಪಡೆಯುವವನು, ಹೊರಗಿನವರು ನೋಡುವಂತಿಲ್ಲ ಎಂದಾದಾಗ ಬೆಲ್ಟ್ ಸರಕಾಗುತ್ತದೆ.

ಗುರುತಿಸುವುದು ಹೇಗೆ?

ಮಗುವನ್ನು ಸೇರಿಸುವ ಮುನ್ನ ಹೆತ್ತವರು ಒಂದೆರಡು ಸಂಜೆ ಸುಮ್ಮನೆ ಕುಳಿತು ತರಗತಿ ನೋಡಲಿ. ನೋಡಲು ಬಿಡದಿದ್ದರೆ ಅದೇ ಮೊದಲ ಸೂಚನೆ. ಮಕ್ಕಳು ಗಾಳಿಗೆ ಗುದ್ದುವುದು ಮಾತ್ರವೇ, ಅಥವಾ ಸುರಕ್ಷಿತ ರೀತಿಯಲ್ಲಿ ಒಬ್ಬರನ್ನೊಬ್ಬರು ಎದುರಿಸುತ್ತಾರೆಯೇ ಎಂದು ಗಮನಿಸಲಿ. ‘ನಮ್ಮ ಪಟ್ಟುಗಳು ಬಹಳ ಅಪಾಯಕಾರಿ, ಅಭ್ಯಾಸ ಪಂದ್ಯ ಆಡಿಸುವಂತಿಲ್ಲ’ ಎನ್ನುವ ಗುರುವನ್ನು ಅನುಮಾನಿಸಲಿ. ಹಿಂದಿನ ಪರೀಕ್ಷೆಯಲ್ಲಿ ಎಷ್ಟು ಮಂದಿ ಅನುತ್ತೀರ್ಣರಾದರು ಎಂದು ಕೇಳಲಿ. ಯಾರೂ ಇಲ್ಲವೆಂದರೆ ಅದು ಪರೀಕ್ಷೆಯಲ್ಲ, ವಸೂಲಿ. ಇಂತಿಷ್ಟು ತಿಂಗಳಿಗೆ ಬ್ಲ್ಯಾಕ್ ಬೆಲ್ಟ್ ಎಂದು ಮೊದಲೇ ಮಾತು ಕೊಡುವವರು ವಿದ್ಯೆ ಕಲಿಸುತ್ತಿಲ್ಲ, ದಿನಾಂಕ ಮಾರುತ್ತಿದ್ದಾರೆ.

ವಾರ್ಷಿಕೋತ್ಸವದಲ್ಲಿ ಹೆಂಚು ಒಡೆಯುವುದನ್ನು ಕಂಡು ಮರುಳಾಗಬಾರದು. ಎರಡು ತುದಿಗೆ ಮಾತ್ರ ಆಧಾರ ಕೊಟ್ಟು, ನಡುವೆ ಸಂದು ಬಿಟ್ಟು ಜೋಡಿಸಿದ ಹೆಂಚುಗಳು ಒಂದರ ಮೇಲೊಂದು ಬಿದ್ದು ಸರಾಗವಾಗಿ ಒಡೆಯುತ್ತವೆ. ಹೆಂಚು ತಿರುಗಿ ಹೊಡೆಯುವುದೂ ಇಲ್ಲ! ಪ್ರಮಾಣಪತ್ರದ ಮೇಲಿನ ‘ಅಂತರರಾಷ್ಟ್ರೀಯ’, ‘ವಿಶ್ವ’ ಎಂಬ ಪದಗಳಿಗೂ ಬೆರಗಾಗಬೇಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘ ಕಟ್ಟಬಹುದು. ನೋಂದಣಿ ಸಂಖ್ಯೆ ವಿದ್ಯೆಯ ಮುದ್ರೆಯಲ್ಲ. ಗುರು ಯಾರಲ್ಲಿ, ಎಷ್ಟು ವರ್ಷ ಕಲಿತರು? ಶಿಷ್ಯರನ್ನು ಬೇರೆ ಶಾಲೆಗಳವರೂ ಬರುವ ಮುಕ್ತ ಪಂದ್ಯಗಳಿಗೆ ಕಳಿಸುತ್ತಾರೆಯೇ, ಅಥವಾ ಭಾಗವಹಿಸಿದವರಿಗೆಲ್ಲ ಕಪ್ ಸಿಗುವ ತಮ್ಮದೇ ‘ಚಾಂಪಿಯನ್‌ಷಿಪ್’ಗೆ ಮಾತ್ರವೇ? ಈ ಪ್ರಶ್ನೆಗಳಿಗೆ ಒಳ್ಳೆಯ ಗುರು ಮುಖ ಗಂಟಿಕ್ಕುವುದಿಲ್ಲ.

ಶುಲ್ಕ ಪಡೆಯುವುದು ತಪ್ಪೆಂದು ಇದರ ಅರ್ಥವಲ್ಲ. ಗುರುವಿಗೂ ಹೊಟ್ಟೆ ಇದೆ, ಮನೆ ಇದೆ. ಕಟ್ಟಡದ ಬಾಡಿಗೆ ಇದೆ. ವ್ಯಾಯಾಮಕ್ಕಾಗಿ, ಶಿಸ್ತಿಗಾಗಿ ಮಕ್ಕಳನ್ನು ಕಳಿಸುವುದೂ ಒಳ್ಳೆಯದೇ. ಆದರೆ ಕೊಡುತ್ತಿರುವುದು ವ್ಯಾಯಾಮವಾದರೆ ವ್ಯಾಯಾಮವೆಂದೇ ಹೇಳಬೇಕು. ಅದನ್ನು ಆತ್ಮರಕ್ಷಣೆ ಎಂದು ಮಾರಬಾರದು.

ದೆಹಲಿಯ 2012ರ ಡಿಸೆಂಬರ್ ದುರಂತದ ನಂತರ ದೇಶದೆಲ್ಲೆಡೆ ಹೆಣ್ಣುಮಕ್ಕಳ ಆತ್ಮರಕ್ಷಣಾ ತರಬೇತಿಗೆ ಬೇಡಿಕೆ ಏರಿತು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ ವಿದ್ಯಾರ್ಥಿನಿಯರಿಗೂ ಮೂರು ತಿಂಗಳ ತರಬೇತಿ ರೂಪಿಸಲಾಯಿತು. ಮೂರು ತಿಂಗಳಲ್ಲಿ ಯಾರೂ ವೀರರಾಗುವುದಿಲ್ಲ. ಜೋರಾಗಿ ಕೂಗುವುದು, ಹಿಡಿದ ಕೈಯಿಂದ ಬಿಡಿಸಿಕೊಳ್ಳುವುದು, ತಡಮಾಡದೆ ಓಡುವುದು. ಇಷ್ಟನ್ನು ನಿಜವಾಗಿ ಎಳೆದಾಡುವ ಕೈಯ ವಿರುದ್ಧ ಅಭ್ಯಾಸ ಮಾಡಿಸಿ, ‘ಇದಕ್ಕಿಂತ ಹೆಚ್ಚು ನಿಮಗಿನ್ನೂ ಬಾರದು’ ಎಂದು ಹೇಳಿ ಕಳಿಸುವ ಶಿಕ್ಷಕನೇ ಪ್ರಾಮಾಣಿಕ. ಅಂಥವನ ಕೈಯಲ್ಲಿ ಕಲಿತ ಹುಡುಗಿ ಸೊಂಟಕ್ಕೆ ಬಿಳಿ ಬೆಲ್ಟ್ ಕಟ್ಟಿದ್ದರೂ ಸಾಕು.