ಗೆಣಸಿನ ಗಡ್ಡಿ: ಹೊಲದ ಬುತ್ತಿಯಿಂದ ಉಪವಾಸದ ತಾಟಿನವರೆಗೆ

ಸಂಘ ಕಟ್ಟಿದ ಹಿರಿಯರ ಹೆಸರು, ಶೇರು ಬಂಡವಾಳದ ಲೆಕ್ಕ, ಸಾಲ ವಸೂಲಿಯ ವಿವರ ಇವೆಲ್ಲ ಈ ರಜತ ಮಹೋತ್ಸವ ಸ್ಮರಣ ಸಂಚಿಕೆಯ ಬೇರೆ ಪುಟಗಳಿಗೆ ಸೇರಿದ ವಿಷಯಗಳು. ನಾವು ಇಲ್ಲಿ ಬರೆಯಹೊರಟದ್ದು ಲೆಕ್ಕದ ಪುಸ್ತಕದಲ್ಲಿ ಅಷ್ಟಾಗಿ ಕಾಣಿಸದ ಒಂದು ಬೆಳೆಯ ಇತಿಹಾಸವನ್ನು. ಅದು ಗೆಣಸಿನ ಗಡ್ಡಿ. "ಗೆಣಸಿಗೂ ಇತಿಹಾಸ ಐತೇನ್ರಿ?" ಎಂದು ಸದಸ್ಯ ಬಾಂಧವರು ನಗಬಹುದು. ಐತಿ. ಅಷ್ಟೇ ಅಲ್ಲ, ಆ ಇತಿಹಾಸದೊಳಗೆ ನಮ್ಮಂಥ ಸಹಕಾರಿ ಸಂಘಕ್ಕೆ ಒಂದು ಪಾಠವೂ ಐತಿ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಹೆಸರು ನಮ್ಮದು, ಬಳ್ಳಿ ಪರದೇಶದ್ದು

"ಗಡ್ಡೆ-ಗೆಣಸು ತಿಂದು ಬದುಕಿದರು" ಎಂದು ಋಷಿಮುನಿಗಳ ಕಥೆ ಹೇಳುವಾಗ ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಆ ಋಷಿಗಳು ತಿಂದದ್ದು ಇವತ್ತು ನಾವು ಸಂತೆಯಿಂದ ತರುವ ಸಿಹಿ ಗೆಣಸಲ್ಲ. ಅದು ಅಡವಿಯಲ್ಲಿ ಗಿಡಕ್ಕೆ ಹಬ್ಬಿ ಬೆಳೆಯುವ ಕಾಡುಗೆಣಸು, ಹೆಗ್ಗೆಣಸಿನ ಜಾತಿಯದು. 'ಗೆಣಸು' ಎಂಬ ಶಬ್ದ ಬಹಳ ಹಳೆಯದು. ತಮಿಳಿನ ಕಿಳಂಗು, ತುಳುವಿನ ಕೆರೆಂಗ್ ಇವೆಲ್ಲ ಅದರ ಅಣ್ಣ-ತಮ್ಮಂದಿರು.

ಸಿಹಿ ಗೆಣಸಿನ ತವರುಮನೆ ಮಾತ್ರ ಅಮೆರಿಕ ಖಂಡದ ಉಷ್ಣ ಪ್ರದೇಶ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಮುಟ್ಟಿದ ಮೇಲೆ ಅದು ಯುರೋಪಿಗೆ ಬಂತು. ಮುಂದೆ ಪೋರ್ತುಗೀಜರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಗೋವೆಯಿಂದ ಘಟ್ಟ ಹತ್ತಿದರೆ ಬೆಳಗಾವಿ ಸೀಮೆ ದೂರವೇನಲ್ಲ. ಹೊಸ ಗಡ್ಡಿ ಬಂದಾಗ ನಮ್ಮ ಜನ ಹೊಸ ಹೆಸರು ಹುಡುಕುತ್ತ ಕೂಡಲಿಲ್ಲ. ಮನೆಯಲ್ಲಿದ್ದ ಹಳೆಯ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡರು.

ಇಲ್ಲಿ ಇನ್ನೊಂದು ಮೋಜಿನ ಸಂಗತಿ ಐತಿ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಸಿಹಿ ಗೆಣಸಿಗೆ 'ಬಟಾಟ' ಎನ್ನುತ್ತಿದ್ದರು. ಪೋರ್ತುಗೀಜರ ಬಾಯಲ್ಲಿ ಆ ಹೆಸರು ಮುಂದೆ ಆಲೂಗಡ್ಡಿಗೆ ಅಂಟಿಕೊಂಡಿತು. ನಾವು ಸಂತೆಯಲ್ಲಿ ಆಲೂಗಡ್ಡಿಗೆ 'ಬಟಾಟಿ' ಎನ್ನುತ್ತೇವಲ್ಲ, ಅದು ನಿಜವಾಗಿ ಗೆಣಸಿನ ಹೆಸರು! ಗೆಣಸು ತನ್ನ ಹೆಸರನ್ನು ಬಟಾಟಿಗೆ ಬಿಟ್ಟುಕೊಟ್ಟು, ತಾನು ನಮ್ಮ ಅಡವಿ ಗಡ್ಡಿಯ ಹೆಸರು ಇಟ್ಟುಕೊಂಡಿತು.

ನಮ್ಮ ನೆಲ, ನಮ್ಮ ನೀರು

ಘಟಪ್ರಭೆ ನಮ್ಮೂರಲ್ಲಿ 171 ಅಡಿ ಕೆಳಗೆ ಧುಮುಕುತ್ತಾಳೆ. ಆಕೆ ಕೊರೆದದ್ದು ಗಟ್ಟಿ ಮರಳುಗಲ್ಲು. ಫಾಲ್ಸಿನ ಸುತ್ತಿನ ಗುಡ್ಡದ ನೆಲವೆಂದರೆ ಕಲ್ಲು, ಮರಳು, ತೆಳ್ಳಗಿನ ಮಣ್ಣು. ಎರಿಮಣ್ಣು ಬೇಕೆಂದರೆ ಗೋಕಾಕ, ಮೂಡಲಗಿಯ ಬಯಲಿಗೆ ಇಳಿಯಬೇಕು. 1887ರಲ್ಲಿ ಫಾಲ್ಸಿನ ನೀರಿನ ಬಲದಿಂದ ನೂಲಿನ ಮಿಲ್ಲು ನಡೆಯತೊಡಗಿತು. 1897ರಲ್ಲಿ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆಗೆ ನೀರು ತಿರುಗಿಸಿದರು. 1977ರ ಹೊತ್ತಿಗೆ ಹಿಡಕಲ್ ಜಲಾಶಯವೂ ಪೂರ್ಣವಾಯಿತು. ಕಾಲುವೆ ನೀರು ಮುಟ್ಟಿದ ಕಡೆ ಕಬ್ಬು, ಗೋವಿನಜೋಳ ಬಂದವು. ನೀರು ಮುಟ್ಟದ ಕೆಂಪು ಮಸಾರಿ ನೆಲಕ್ಕೆ ಒಪ್ಪುವ ಬೆಳೆ ಯಾವುದು ಎಂದು ಕೇಳಿದರೆ, ಗೆಣಸು ಅದರಲ್ಲಿ ಒಂದು.

ಯಾಕೆ ಎಂಬುದನ್ನು ತಿಳಿದುಕೊಳ್ಳಬೇಕು. ಜೋಳ ಹೊಡೆ ಹಾಯುವ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಇಡೀ ವರ್ಷದ ದುಡಿತ ಹದಿನೈದು ದಿನದ ಮಳೆಯ ಮೇಲೆ ನಿಂತಿರುತ್ತದೆ. ಗೆಣಸಿಗೆ ಅಂಥ ಒಂದೇ ಗಳಿಗೆ ಇಲ್ಲ. ಬಳ್ಳಿ ಒಮ್ಮೆ ಬೇರು ಹಿಡಿಯಿತೆಂದರೆ ಗಡ್ಡಿ ನೆಲದೊಳಗೆ ದಿನದಿನಕ್ಕೆ ತುಂಬುತ್ತ ಹೋಗುತ್ತದೆ. ನಡುವೆ ಮಳೆ ನಿಂತರೆ ತಾನೂ ನಿಲ್ಲುತ್ತದೆ, ಮಳೆ ಬಂದರೆ ಮತ್ತೆ ತುಂಬುತ್ತದೆ. ಬೀಜಕ್ಕೆ ರೊಕ್ಕ ಕೊಡುವ ಕೆಲಸವಿಲ್ಲ. ನೆರೆಹೊರೆಯವರ ಹೊಲದಿಂದ ಬಳ್ಳಿ ತುಂಡು ತಂದು ಬೋದಿನ ಮೇಲೆ ನೆಟ್ಟರೆ ಸಾಕು. ಜೂನ್-ಜುಲೈದಲ್ಲಿ ನೆಟ್ಟದ್ದು ಸುಮಾರು ನಾಲ್ಕು ತಿಂಗಳಿಗೆ ಕೈಗೆ ಬರುತ್ತದೆ. ಗಡ್ಡಿ ಮನೆಗೆ, ಬಳ್ಳಿ ದನಕ್ಕೆ. ಗಡ್ಡಿ ಹೊರಗೆ ಕಾಣದಂತೆ ಬೋದಿಗೆ ಮಣ್ಣು ಏರಿಸುತ್ತಿದ್ದರೆ ಮೂತಿಹುಳದ ಕಾಟವೂ ಕಡಿಮೆ.

ಇದೇ ಕಾರಣಕ್ಕೆ ಗೆಣಸು ಜಗತ್ತಿನ ತುಂಬ ಬಡವರ ಕೈ ಹಿಡಿದ ಬೆಳೆ. ಚೀನಾ ದೇಶಕ್ಕೆ ಹದಿನಾರನೇ ಶತಮಾನದ ಕೊನೆಗೆ ಹೋದ ಈ ಬಳ್ಳಿ ಅಲ್ಲಿಯ ಕ್ಷಾಮಗಳಲ್ಲಿ ಜನರನ್ನು ಉಳಿಸಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವವರು ಅವರೇ. ಆಫ್ರಿಕಾದಲ್ಲಿ ಕಿತ್ತಳೆ ಬಣ್ಣದ ತಿರುಳಿನ ಗೆಣಸನ್ನು ಹಬ್ಬಿಸಿ, ಮಕ್ಕಳಿಗೆ 'ಎ' ಜೀವಸತ್ವ ಸಿಗುವಂತೆ ದುಡಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿಯೂ ತಿರುವನಂತಪುರದ ಹತ್ತಿರ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕಿತ್ತಳೆ ತಿರುಳಿನ 'ಭೂ ಸೋನಾ', ನೇರಳೆ ತಿರುಳಿನ 'ಭೂ ಕೃಷ್ಣ' ಎಂಬ ತಳಿಗಳನ್ನು ಕೊಟ್ಟಿದ್ದಾರೆ.

ಒಲೆಯ ಮುಂದಿನ ಮಾತು

ಗೆಣಸು ಮಾಡುವ ಬಗೆ ನಮ್ಮ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕುದಿಸಿದ ಗೆಣಸು, ಕುಳ್ಳಿನ ಬೂದಿಯೊಳಗೆ ಹುಗಿದು ಸುಟ್ಟ ಗೆಣಸು, ಹಾಲು-ಬೆಲ್ಲ ಹಾಕಿದ ಪಾಯಸ, ಬಜಿ, ಹಪ್ಪಳ ಎಲ್ಲವೂ ಗೊತ್ತಿದ್ದದ್ದೇ. ಸುಟ್ಟ ಗೆಣಸು ಕುದಿಸಿದ್ದಕ್ಕಿಂತ ಯಾಕೆ ಸಿಹಿ ಎಂಬುದಕ್ಕೆ ಮಾತ್ರ ಒಂದು ಕಾರಣ ಐತಿ. ಗೆಣಸಿನೊಳಗೆ ಹಿಟ್ಟಿನ ಅಂಶವನ್ನು ಸಕ್ಕರೆಯನ್ನಾಗಿ ಮಾಡುವ ಒಂದು ಕಿಣ್ವ ಇರುತ್ತದೆ. ಹದವಾದ ಕಾವಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಬಹಳ ಕಾವಾದರೆ ಸತ್ತುಹೋಗುತ್ತದೆ. ಬೂದಿಯೊಳಗೆ ಗಡ್ಡಿ ನಿಧಾನವಾಗಿ ಕಾಯುವುದರಿಂದ ಆ ಕಿಣ್ವಕ್ಕೆ ಹೆಚ್ಚು ವೇಳೆ ಸಿಗುತ್ತದೆ. ಮೇಲಾಗಿ ನೀರಿನ ಅಂಶ ಆರಿ ಸಿಹಿ ಗಟ್ಟಿಯಾಗುತ್ತದೆ. ಅವಸರದ ಒಲೆಗೆ ಆ ರುಚಿ ಬರುವುದಿಲ್ಲ. ಅಗೆದ ಗಡ್ಡಿಯನ್ನು ನೆರಳಲ್ಲಿ ನಾಲ್ಕಾರು ದಿನ ಇಟ್ಟು ತಿಂದರೆ ಹೆಚ್ಚು ಸಿಹಿ ಎಂದು ಹಿರಿಯರು ಹೇಳುವುದೂ ಖರೆ. ಇಟ್ಟಾಗಲೂ ಹಿಟ್ಟು ಸಕ್ಕರೆಯಾಗುತ್ತ ಹೋಗುತ್ತದೆ.

ಗೆಣಸಿನ ಹೋಳಿಗೆಯ ಬಗ್ಗೆ ಒಂದು ಮಾತು. ಹೂರಣ ನೀರಾಗಿ ಹೋಳಿಗೆ ಹರಿಯುತ್ತದೆ ಎಂಬುದು ಹೊಸದಾಗಿ ಮಾಡುವವರ ತಕರಾರು. ಗಡ್ಡಿಯನ್ನು ನೀರಲ್ಲಿ ಮುಳುಗಿಸಿ ಕುದಿಸುವ ಬದಲು ಉಗಿಯಲ್ಲಿ ಬೇಯಿಸಬೇಕು. ಸಿಪ್ಪೆ ಸುಲಿದು, ನಾರು ತೆಗೆದು, ಬೆಲ್ಲ ಕೂಡಿಸಿ, ತಳ ಬಿಡುವವರೆಗೆ ಕೈಯಾಡಿಸಬೇಕು. ಬೆಲ್ಲವೇ ನೀರು ಬಿಡುವುದರಿಂದ ಬೇರೆ ನೀರು ಹಾಕಬಾರದು. ಏಲಕ್ಕಿ ಹಾಕಿ ಆರಿಸಿ, ಕಣಕದೊಳಗೆ ತುಂಬಿ ಲಟ್ಟಿಸಿದರೆ ತುಪ್ಪದ ಜೋಡಿ ಅದರ ರುಚಿ ಬ್ಯಾಳಿ ಹೋಳಿಗೆಗೆ ಕಡಿಮೆಯಿಲ್ಲ.

ಉಪವಾಸದ ತಾಟು

ಶಿವರಾತ್ರಿ, ಏಕಾದಶಿ ಬಂದರೆ ನಮ್ಮ ಮನೆಗಳಲ್ಲಿ ಜೋಳ, ಗೋಧಿ, ಅಕ್ಕಿ ನಡೆಯುವುದಿಲ್ಲ. ಕುದಿಸಿದ ಗೆಣಸು, ಗೆಣಸಿನ ತುರಿಯನ್ನು ತುಪ್ಪದಲ್ಲಿ ಬಾಡಿಸಿದ ಕೀಸು, ಶೇಂಗಾ ಪುಡಿ ಹಾಕಿದ ಸಾಬೂದಾಣಿ ಖಿಚಡಿ, ಬಟಾಟಿ, ಹಸಿಮೆಣಸಿನಕಾಯಿ ಇಷ್ಟು ನಡೆಯುತ್ತವೆ. ಈ ತಾಟನ್ನು ಒಮ್ಮೆ ದಿಟ್ಟಿಸಿ ನೋಡಿರಿ. ಗೆಣಸು, ಸಾಬೂದಾಣಿಯ ಮರಗೆಣಸು, ಶೇಂಗಾ, ಬಟಾಟಿ, ಮೆಣಸಿನಕಾಯಿ ಐದೂ ಅಮೆರಿಕ ಖಂಡದಿಂದ ಬಂದವು. ಊರ ಧಾನ್ಯಕ್ಕೆ ಬಾಗಿಲು ಹಾಕಿದ ದಿನ ಪರದೇಶದ ಬೆಳೆಗಳು ದೇವರ ಮುಂದೆ ಕೂತಿವೆ. ಇದರಲ್ಲಿ ತಪ್ಪೇನಿಲ್ಲ. ಬಂದವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವುದು ನಮ್ಮ ಹಿರಿಯರ ಗುಣ.

ಆದರೆ ಒಂದು ಎಚ್ಚರ ಇರಲಿ. ಸಾಬೂದಾಣಿಯಲ್ಲಿ ಬರೀ ಹಿಟ್ಟಿನ ಅಂಶವೇ ಹೆಚ್ಚು. ನೂರು ಗ್ರಾಮಿನಲ್ಲಿ ಒಂದು ಗ್ರಾಂ ಕೂಡ ಪ್ರೊಟೀನ್ ಇರುವುದಿಲ್ಲ. ಖಿಚಡಿಗೆ ಶೇಂಗಾ ಕೂಡಿಸುವ ನಮ್ಮ ರೂಢಿ ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಗೆಣಸಿನಲ್ಲಿ ನಾರೂ ಇರುತ್ತದೆ. ಉಪವಾಸಕ್ಕೆ ಎರಡರಲ್ಲಿ ಒಂದು ಆರಿಸುವುದಾದರೆ ಗೆಣಸೇ ಮೇಲು.

ಸೇಲಂದವರು ಮಾಡಿದ್ದು

ಈಗ ಸಾಬೂದಾಣಿಯ ಕಥೆಗೆ ಬರೋಣ. ಮೊದಲು ಅದು ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ಮಾಲು, ಸಾಗು ಎಂಬ ತಾಳೆ ಜಾತಿಯ ಮರದ ತಿರುಳಿನದು. ಎರಡನೇ ಮಹಾಯುದ್ಧದಲ್ಲಿ ಹಡಗು ಬರುವುದು ನಿಂತಿತು. ಆಗ, 1943ರ ಸುಮಾರಿಗೆ, ತಮಿಳುನಾಡಿನ ಸೇಲಂದಲ್ಲಿ ಮರಗೆಣಸಿನ ಹಾಲು ತೆಗೆದು ಸಾಬೂದಾಣಿ ಮಾಡುವ ಉದ್ಯೋಗ ಹುಟ್ಟಿತು. ಉದ್ಯೋಗ ಬೆಳೆಯಿತು, ಆದರೆ ದರ ಕಟ್ಟುವವರು ವ್ಯಾಪಾರಿಗಳೇ. ಸಣ್ಣ ತಯಾರಕನ ಹತ್ತಿರ ಗೋದಾಮು ಇಲ್ಲ, ಕೈಯಲ್ಲಿ ರೊಕ್ಕ ಇಲ್ಲ, ಹೇಳಿದ ದರಕ್ಕೆ ಕೊಡಬೇಕು.

1981ರಲ್ಲಿ ಅವರು ಕೂಡಿ 'ಸಾಗೋಸರ್ವ್' ಎಂಬ ಸಹಕಾರಿ ಸಂಘ ನೋಂದಾಯಿಸಿದರು. ಸಂಘ ಸದಸ್ಯರ ಮಾಲನ್ನು ತನ್ನ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತದೆ, ಮಾಲಿನ ಮೇಲೆ ಮುಂಗಡ ಕೊಡುತ್ತದೆ, ವ್ಯಾಪಾರಿಗಳಿಂದ ಗುಪ್ತ ಟೆಂಡರ್ ಕರೆದು ಮಾರುತ್ತದೆ. ಕೆಲಸ ಮೂರೇ. ಆದರೆ ಒಬ್ಬೊಬ್ಬರೇ ಮಾಡಲಾಗದ್ದು. ಸೇಲಂ ಸಾಬೂದಾಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಆ ಸಂಘದ ಸದಸ್ಯರು ಸಾಬೂದಾಣಿ ಮಾಡುವ ಕಾರಖಾನೆಯವರು, ಮರಗೆಣಸು ಬೆಳೆಯುವ ರೈತರಲ್ಲ ಎಂಬುದನ್ನೂ ನಾವು ಗಮನಿಸಬೇಕು. ಅಂಥ ಸಂಘ ನಮ್ಮಲ್ಲಿ ಆದರೆ ಅದರಲ್ಲಿ ಬೆಳೆಗಾರನೇ ಶೇರುದಾರನಾಗಿರಬೇಕು.

ನಮ್ಮ ಸಂಘಕ್ಕೆ ಒಂದು ಮಾತು

ನಮ್ಮ ಜಿಲ್ಲೆ ಗೆಣಸಿಗೆ ಸಣ್ಣ ಜಿಲ್ಲೆಯಲ್ಲ. ಬೆಳಗಾವಿ, ಖಾನಾಪುರ ತಾಲೂಕುಗಳ ಮತ್ತು ಗಡಿಯಾಚೆಯ ಚಂದಗಡದ ಗೆಣಸು ಬೆಳಗಾವಿ ಎಪಿಎಂಸಿಗೆ ಬಂದು, ಲಾರಿಗಟ್ಟಲೆ ದಿಲ್ಲಿ, ರಾಜಸ್ಥಾನದ ಕಡೆ ಹೋಗುತ್ತದೆ. ಅಲ್ಲಿಯ ಚಳಿಗಾಲದಲ್ಲಿ ಅದಕ್ಕೆ ಒಳ್ಳೆಯ ಗಿರಾಕಿ. ಆದರೆ ಎಲ್ಲರ ಗಡ್ಡಿ ಒಮ್ಮೆಲೇ ಪೇಟೆಗೆ ಬಂದರೆ ದರ ಬೀಳುತ್ತದೆ. ಗೆಣಸು ಜೋಳದಂತೆ ಹಗೇವಿನಲ್ಲಿ ಇಡುವ ಮಾಲಲ್ಲ. ಕೆಲವೇ ವಾರಗಳಲ್ಲಿ ಕೊಳೆಯುತ್ತದೆ ಇಲ್ಲವೆ ಮೊಳಕೆ ಒಡೆಯುತ್ತದೆ. ಕಾಯುವ ಶಕ್ತಿ ಇಲ್ಲದವನು ದರ ಕೇಳುವುದು ಹೇಗೆ?

ಸಹಕಾರ ಚಳವಳಿಯ ಇತಿಹಾಸ ಇಲ್ಲಿಯೇ ನೆನಪಿಗೆ ಬರುತ್ತದೆ. 1904ರ ಕಾಯ್ದೆ ಸಾಲ ಕೊಡುವ ಸಂಘಗಳಿಗೆ ಮಾತ್ರ ಇತ್ತು. ಅದರ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದಾರಿ ತೋರಿದರು. ಸಾಲ ಒಂದರಿಂದಲೇ ರೈತ ಉದ್ಧಾರವಾಗುವುದಿಲ್ಲ ಎಂಬುದು ಗೊತ್ತಾದ ಮೇಲೆ 1912ರ ಕಾಯ್ದೆ ಬಂದು, ಮಾರಾಟದಂಥ ಬೇರೆ ಕೆಲಸದ ಸಂಘಗಳಿಗೂ ಬಾಗಿಲು ತೆರೆಯಿತು. ಆ ಬಾಗಿಲು ತೆರೆದು ನೂರು ವರ್ಷದ ಮೇಲಾಯಿತು. ನಮ್ಮ ಭಾಗದಲ್ಲಿ ಕಬ್ಬಿಗೆ ಸಹಕಾರಿ ಕಾರಖಾನೆ ಆದವು, ಹಾಲಿಗೆ ಡೇರಿ ಆದವು, ಹುಕ್ಕೇರಿಯವರು 1969ರಲ್ಲಿ ವಿದ್ಯುತ್ತಿಗೇ ಸಹಕಾರ ಸಂಘ ಮಾಡಿ ತೋರಿಸಿದರು. ಮಸಾರಿ ಹೊಲದ ಸಣ್ಣ ಹಿಡುವಳಿದಾರನ ಗಡ್ಡಿಗೆ ಯಾಕೆ ಆಗಬಾರದು?

ದೊಡ್ಡ ಕಾರಖಾನೆ ಬೇಕೆಂದು ನಾವು ಹೇಳುವುದಿಲ್ಲ. ನೆಡುವ ದಿನಗಳನ್ನು ಸದಸ್ಯರಲ್ಲಿ ಹಂಚಿಕೊಂಡರೆ ಎಲ್ಲರ ಮಾಲು ಒಂದೇ ವಾರಕ್ಕೆ ಬರುವುದಿಲ್ಲ. ಗಡ್ಡಿಯನ್ನು ದಪ್ಪ, ನಡುವಿನದು, ಸಣ್ಣದು ಎಂದು ಆರಿಸಿ, ಕೂಡಿ ಒಂದೇ ಲಾರಿ ಹೇರಿದರೆ ದರ ಕೇಳುವ ಬಾಯಿ ಬರುತ್ತದೆ. ಪೇಟೆಗೆ ನಡೆಯದ ಸಣ್ಣ ಗಡ್ಡಿಯಿಂದ ನಮ್ಮ ಮಹಿಳಾ ಸದಸ್ಯರು ಹಪ್ಪಳ, ಒಣಗಿಸಿದ ಹಿಟ್ಟು ಮಾಡಿದರೆ ಅದು ತಿಂಗಳುಗಟ್ಟಲೆ ಇರುತ್ತದೆ. ಗೋಕಾಕ ಅಂದರೆ ಕರದಂಟು ಎಂದು ನಾಡೆಲ್ಲ ಹೇಳುತ್ತದೆ. ಮನೆಯ ತಿನಿಸಿಗೂ ಊರಿನ ಹೆಸರು ತರುವ ಶಕ್ತಿ ಐತಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ವಿಷಯವನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರು ಎತ್ತಬೇಕು, ಆಡಳಿತ ಮಂಡಳಿಯವರು ವಿಚಾರ ಮಾಡಬೇಕು ಎಂದು ನಮ್ಮ ವಿನಂತಿ. ಗೆಣಸು ನೆಡುವವರು ಎಷ್ಟು ಮಂದಿ, ಎಷ್ಟು ಗುಂಟೆ ಎಂಬ ಒಂದು ಯಾದಿ ಮಾಡುವುದರಿಂದ ಕೆಲಸ ಸುರುಮಾಡಬಹುದು. ಅದಕ್ಕೆ ಒಂದು ನೋಟುಬುಕ್ಕು, ಒಂದು ಪೆನ್ನು ಸಾಕು.